ಮೊಣಕಾಲಿನ ಅಳತೆ

"ಏನಾದ್ರೂ ಬಡಿದಿತ್ತಾ ಅಮ್ಮ? ಬೈಕು, ಕಲ್ಲು, ದೊಣ್ಣೆ... ಚೆನ್ನಾಗಿ ಯೋಚನೆ ಮಾಡಿ ಹೇಳಿ," ಎಂದು ಡಾಕ್ಟರ್ ವಾಣಿಶ್ರೀ ಮೂರನೇ ಸಲ ಕೇಳಿದರು.

"ಇಲ್ಲ ಕಣವ್ವ, ದೇವ್ರಾಣೆಗೂ ಇಲ್ಲ. ಹೊಡೆಯೋದಿರ್ಲಿ, ಇದನ್ನ ಗದರಿಸೋಕೂ ನಮಗೆ ಮನಸು ಬರಲ್ಲ," ಎಂದಳು ಪಾತಮ್ಮ.

ಚಳ್ಳಕೆರೆಯ ದನದ ಆಸ್ಪತ್ರೆಯ ಮೇಜಿನ ಮೇಲೆ ದೊರೆ ಮಲಗಿತ್ತು. ಇನ್ನೂ ಎಂಟು ತಿಂಗಳ ನಾಯಿ, ಆಗಲೇ ಮೇಜು ಸಾಲದೆ ಹಿಂಗಾಲೆರಡೂ ಹೊರಗೆ ಜೋತಿದ್ದವು. ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರ ಮನೆಯ ಸೀಮೆನಾಯಿಗೆ ಹುಟ್ಟಿದ ಮರಿ ಅದು. ಸಾಹುಕಾರರ ಮನೆಯಿಂದ ಬಂದದ್ದಕ್ಕೇ ಆ ಹೆಸರು. ಡಾಕ್ಟರ್ ಎಡ ಮುಂಗಾಲನ್ನು ಮೊಣಕಾಲಿನ ಹತ್ತಿರ ಒತ್ತಿದಾಗ ಅದು ಕುಂಯ್ ಎಂದು ಪಾತಮ್ಮನ ಮೊಣಕೈ ನೆಕ್ಕಿತು. ಕಚ್ಚುವುದು ಬಿಟ್ಟು ನೆಕ್ಕುತ್ತದಲ್ಲ ಮುಂಡೇದು, ಎಂದು ಅವಳಿಗೆ ಅಳು ಒತ್ತಿ ಬಂತು.

ಹದಿನೈದು ದಿನದ ಹಿಂದೆ, ದೊರೆ ಕುಂಟಲು ಶುರುಮಾಡಿದಾಗ, ಇದೇ ಮೇಜಿನ ಮುಂದೆ ಡಾಕ್ಟರ್ ಒಂದೊಂದೇ ಕಾರಣ ಹೇಳಿದ್ದರು. ಮುಳ್ಳು ಮುರಿದಿರಬಹುದು. ದೊಡ್ಡ ಜಾತಿಯ ಮರಿಗಳಿಗೆ ಬೆಳೆಯುವಾಗ ಮೂಳೆಯೊಳಗೇ ನೋವು ಬರುತ್ತದೆ, ಅದಿರಬಹುದು. ಭುಜದ ಕೀಲಿರಬಹುದು, ಉಣ್ಣೆಹುಳ ಕಚ್ಚಿ ಬಂದ ಜ್ವರವಿರಬಹುದು. ರಕ್ತ ನೋಡಿ ಜ್ವರವಲ್ಲ ಎಂದರು, ಮಾತ್ರೆ ಕೊಟ್ಟರು, ಓಡಿಸಬೇಡಿ ಎಂದರು. ಊರಿನವರೂ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಓಬಳಪ್ಪ ದೃಷ್ಟಿಯಾಗಿದೆ ಎಂದ. ಗಂಡ ಕ್ಯಾತಪ್ಪ ಕಬ್ಬಿಣ ಕಾಯಿಸಿ ಬರೆ ಎಳೆಯಲು ಹೊರಟಾಗ ಪಾತಮ್ಮ ನಾಯಿಗೆ ಅಡ್ಡ ಕೂತು ತಡೆದಿದ್ದಳು. ಇಷ್ಟೆಲ್ಲ ಆದರೂ ಕುಂಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ನಾಯಿಯ ಕಾಲು ಹೋದರೆ ಹೋಗಲಿ ಎನ್ನುವ ಮನೆಯಲ್ಲ ಅದು. ಕ್ಯಾತಪ್ಪನ ಕಿವಿ ಪೂರ್ತಿ ಹೋಗಿ ನಾಲ್ಕು ವರ್ಷ. ಊರಿನ ಹುಲ್ಲುಗಾವಲು ವರವು ಕಾವಲಿಗೆ ಗೋಡೆ ಎದ್ದ ಮೇಲೆ ಅದರ ಅಂಚಿನ ಹಳ್ಳದಲ್ಲೇ ಕುರಿ ಮೇಯಬೇಕು, ಅದೇ ಹಳ್ಳದಲ್ಲಿ ತೋಳಗಳ ಓಡಾಟ. ಹಳೆಯ ನಾಯಿ ಸತ್ತ ವಾರವೇ ಮೂರು ಕುರಿ ಹೋಗಿದ್ದವು. ಬೆನ್ನ ಹಿಂದೆ ಕುರಿ ಅರಚಿದ್ದು ಕ್ಯಾತಪ್ಪನಿಗೆ ಕೇಳಿಸಿರಲಿಲ್ಲ. ಈ ನಾಯಿ ಓಡಲಿಲ್ಲವೆಂದರೆ ಇದ್ದ ಮೂವತ್ತೆಂಟನ್ನೂ ಮಾರುವುದೇ ಸರಿ ಎಂದು ಕ್ಯಾತಪ್ಪನ ತಮ್ಮನ ಮಗ ರಾಜಣ್ಣ ಹಟ ಹಿಡಿದಿದ್ದ. ಕುರಿ ಹೋದ ಮೇಲೆ ಕ್ಯಾತಪ್ಪ ಜಗಲಿ ಮೇಲೆ ಕೂತು ಏನು ಮಾಡಬೇಕು? ಜನರ ತುಟಿ ನೋಡುತ್ತಾ ಕೂರಬೇಕೇ?

"ಅಜ್ಜ, ಕಂಕುಳಲ್ಲಿ ಅದೇನು?" ಎಂದು ಡಾಕ್ಟರ್ ಗೋಡೆಗೊರಗಿ ನಿಂತಿದ್ದ ಕ್ಯಾತಪ್ಪನ ಕಡೆಗೆ ಬೆರಳು ತೋರಿಸಿದರು.

ಮಾತು ಕೇಳಿಸದಿದ್ದರೂ ಬೆರಳು ಕಾಣಿಸಿತು. ಕ್ಯಾತಪ್ಪನ ಮುಖ ಅರಳಿತು. ಆಸ್ಪತ್ರೆಗೆ ಹೊರಡುವಾಗ ಎರಡು ಸಲವೂ ಪಾತಮ್ಮ ನಾಯಿಯ ಕೊರಳಿನಿಂದ ಬಿಚ್ಚಿದ್ದ ಮರದ ಕೊರಡು ಅದು. ಪೇಟೆಗೆ ಕರೆದೊಯ್ಯುವ ಮಗುವಿನ ಮುಖ ತೊಳೆಯುವುದಿಲ್ಲವೇ, ಹಾಗೆ ಬಿಚ್ಚಿದ್ದಳು. ಹೋದ ಸಲ ಮನೆಯಲ್ಲೇ ಬಿಟ್ಟು ಬಂದಿದ್ದರು, ಈ ಸಲ ಕ್ಯಾತಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಟಿದ್ದ.

"ಇದಾ? ಜಾಲಿ ಕೊರಡು ಕಣವ್ವ!" ಎಂದು ಅವನು ಕಿವುಡರ ದೊಡ್ಡ ದನಿಯಲ್ಲಿ ಶುರುಮಾಡಿದ. "ನಮ್ಮಪ್ಪ ಕೆತ್ತಿದ್ದು. ನಾಕು ನಾಯಿ ಇದನ್ನ ಕಟ್ಕೊಂಡೇ ಬಾಳಿದವು. ಇದಿಲ್ಲ ಅಂದ್ರೆ ಮೊಲದ ಹಿಂದೆ ಓಡ್ತಾವೆ, ಕುರಿ ಯಾರು ಕಾಯ್ಬೇಕು? ಹಗ್ಗ ಮಾತ್ರ ಸರಿಯಾಗಿ ಮೊಣಕಾಲಿಗೆ ಬರ್ಬೇಕು. ಇದು ಬೆಳೆದಂಗೆಲ್ಲಾ ನಾನೂ ತಿಂಗಳು ತಿಂಗಳು ಹಗ್ಗ ಬಿಟ್ಕೊಂಡು ಬಂದೀನಿ. ಎರಡು ಹೆಜ್ಜೆ ಜಾಸ್ತಿ ಓಡಿದ್ರೆ ಸಾಕು, ನೋಡು, ಹಿಂಗೆ..."

ಹಗ್ಗವನ್ನು ತನ್ನ ಕೊರಳಿಗೇ ಹಾಕಿಕೊಂಡ. ನಾಯಿಯ ಹಾಗೆ ನೆಲದ ಕಡೆ ಪೂರ್ತಿ ಬಗ್ಗಿ ನಾಲ್ಕು ಹೆಜ್ಜೆ ಓಡಿದ. ಟಕ್, ಟಕ್ ಎಂದು ಕೊರಡು ಅವನ ಮೊಣಕಾಲಿಗೆ ಬಡಿಯಿತು. ಬಾಗಿಲಲ್ಲಿ ಕರು ಹಿಡಿದು ನಿಂತಿದ್ದವರು ನಕ್ಕರು. ತಾನೂ ನಗುತ್ತಾ ಕ್ಯಾತಪ್ಪ ತಲೆಯೆತ್ತಿದ.

ಡಾಕ್ಟರ್ ನಗಲಿಲ್ಲ. ಪಾತಮ್ಮ ನಾಯಿಯ ಕಾಲನ್ನೇ ನೋಡುತ್ತಿದ್ದಳು. ಮೊಣಕಾಲಿನ ಮೇಲ್ಗಡೆ ಅಂಗೈಯಗಲ ಕೂದಲು ಉದುರಿತ್ತು. ನೆಲಕ್ಕೆ ಉಜ್ಜಿ ಉದುರಿದೆ ಎಂದುಕೊಂಡಿದ್ದಳು.

"ಅಯ್ಯೋ ನನ್ನಪ್ಪನೇ," ಎಂದವಳೇ ಗಂಡನ ಕೊರಳಿನಿಂದ ಕೊರಡು ಕಿತ್ತುಕೊಂಡಳು. ಅದನ್ನು ತಂದು ದೊರೆಯ ಕಾಲಿನ ಊತದ ಮೇಲೆ ಅಡ್ಡ ಇಟ್ಟು ತೋರಿಸಿದಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಕ್ಯಾತಪ್ಪ ಕೊರಡನ್ನು ನೋಡಿದ, ಕಾಲನ್ನು ನೋಡಿದ. ಆಮೇಲೆ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ.

ಬಯ್ಯಬೇಕೆಂದು ಬಾಯಿ ತೆರೆದಿದ್ದ ಡಾಕ್ಟರ್ ಅವನ ಮುಖ ನೋಡಿ ದನಿ ತಗ್ಗಿಸಿದರು. "ನಿಮ್ಮ ನಾಟಿ ನಾಯಿ ಹಗುರ ಇರ್ತಾವಮ್ಮ, ತಡೆದುಕೊಂಡವು. ಇದು ಭಾರದ ಜಾತಿ, ಮೂಳೆ ಇನ್ನೂ ಎಳೆಸು. ಬೆಳೆಯೋ ಜಾಗಕ್ಕೇ ದಿನಾ ಏಟು ಬಿದ್ದಿದೆ. ಒಂದು ಮೂಳೆ ಬೆಳೆಯೋದು ನಿಂತಿರೋ ಹಾಗಿದೆ, ಪಕ್ಕದ್ದು ಬೆಳೀತಾನೇ ಇದೆ. ಅದಕ್ಕೇ ಕಾಲು ಸೊಟ್ಟ ಆಗ್ತಿದೆ."

"ಓಡ್ತೈತೇನವ್ವ? ಅದೊಂದು ಹೇಳು," ಎಂದಳು ಪಾತಮ್ಮ.

"ದೊಡ್ಡ ಆಸ್ಪತ್ರೇಲಿ ಆಪರೇಷನ್ ಮಾಡಿಸಿದ್ರೆ ನೋವು ಕಡಿಮೆ ಆಗ್ಬಹುದು. ತೋಳದ ಹಿಂದೆ ಓಡೋದು ಅಂದ್ರೆ... ಸುಳ್ಳು ಹೇಳಲ್ಲಮ್ಮ. ಆಗಲ್ಲ."

ಹೊರಗೆ ರಾಜಣ್ಣ ತನ್ನ ಲಗೇಜ್ ಆಟೋದ ಹತ್ತಿರ ನಿಂತಿದ್ದ. ನಾಯಿಯನ್ನು ಹತ್ತಿಸಲು ಕೈ ಜೋಡಿಸಿದ, ಕೆಟ್ಟವನೇನಲ್ಲ. ಊರು ಹತ್ತಿರವಾದಾಗ ಬಾಯಿಬಿಟ್ಟ. "ಗುರುವಾರ ವ್ಯಾಪಾರಸ್ತರ ಗಾಡಿ ಕರ್ಕೊಂಡ್ ಬರ್ತೀನಿ ದೊಡ್ಡವ್ವ. ದೊಡ್ಡಪ್ಪಗೆ ಕಿವಿ ಇಲ್ಲ, ನಾಯಿಗೆ ಕಾಲಿಲ್ಲ. ಇನ್ನೇನು ನೆಚ್ಕೊಂಡು ಕುರಿ ಮೇಯಿಸ್ತೀರಾ?"

ಪಾತಮ್ಮ ಮನೆಗೆ ಬಂದವಳೇ ಕೊರಡನ್ನು ಒಲೆಗೆ ಹಾಕಿದಳು. ಹಳೆಯ ಜಾಲಿ, ಬೇಗ ಹೊತ್ತಿಕೊಳ್ಳಲಿಲ್ಲ. ಊದಿ ಊದಿ ಕಣ್ಣೆಲ್ಲ ಹೊಗೆಯಾಯಿತು. ಹೊರಗೆ ಕ್ಯಾತಪ್ಪ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ತಪ್ಪಾಯ್ತು ಕಣೋ ದೊರೆ, ನನ್ನ ಕೈ ಸೇದಿ ಹೋಗ್ಲಿ," ಎಂದು ಗುಟ್ಟಾಗಿ ಹೇಳುತ್ತಿದ್ದೇನೆಂದು ತಿಳಿದು ಹೇಳುತ್ತಿದ್ದ. ಅದು ಬೀದಿಗೆಲ್ಲ ಕೇಳಿಸುತ್ತಿತ್ತು. ರಾತ್ರಿ ಅವನು ಮುದ್ದೆ ಮುಟ್ಟಲಿಲ್ಲ.

ಮರುದಿನ ಬುಧವಾರ. ಬೆಳಿಗ್ಗೆ ಕುರಿ ಹಟ್ಟಿಯ ಬಾಗಿಲು ತೆಗೆದ ಕ್ಯಾತಪ್ಪ ದೊರೆಯನ್ನು ಟಗರು ಹೊರುವ ಹಾಗೆ ಹೆಗಲ ಮೇಲೆ ಹಾಕಿಕೊಂಡ. ಮೂವತ್ತು ಕೆಜಿ ನಾಯಿ, ಮುದುಕ ಗೋಡೆ ಹಿಡಿದು ಎದ್ದು ನಿಂತ.

"ಹುಚ್ಚು ಹಿಡೀತೇನು ನಿಂಗೆ? ಅದು ಓಡಲ್ಲ!" ಎಂದು ಪಾತಮ್ಮ ಅಡ್ಡ ಬಂದು ತನ್ನ ಕಾಲು ಬಡಿದು ತೋರಿಸಿದಳು.

ಕ್ಯಾತಪ್ಪ ನಾಯಿಯ ಕಿವಿ ಹಿಡಿದು ಅವಳಿಗೆ ತೋರಿಸಿದ. "ಕಾಲು ಮುರಿದೀನಿ. ಇದನ್ನ ಮುರಿದಿಲ್ವಲ್ಲೇ," ಎಂದ.

ಅವಳು ದಾರಿ ಬಿಟ್ಟಳು.

ದಾರಿಯಲ್ಲಿ ಐದು ಕಡೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊತ್ತ. ಕಾವಲಿನ ಗೋಡೆಯ ಪಕ್ಕದ ದಿಬ್ಬದಲ್ಲಿ ಕಂಬಳಿ ಹಾಸಿ ದೊರೆಯನ್ನು ಮಲಗಿಸಿದ. ಕುರಿಗಳು ಹಳ್ಳದ ಅಂಚಿಗೆ ಹರಡಿಕೊಂಡವು. ಅವನು ಬುತ್ತಿ ಬಿಚ್ಚಲಿಲ್ಲ, ಬೀಡಿ ಹಚ್ಚಲಿಲ್ಲ, ಕುರಿಗಳ ಕಡೆಗೂ ನೋಡಲಿಲ್ಲ. ಇಡೀ ದಿನ ನಾಯಿಯ ಕಿವಿಗಳನ್ನೇ ನೋಡುತ್ತಾ ಕೂತ. ನೊಣ ಕೂತರೆ ಒಂದು ಕಿವಿ ಅಲ್ಲಾಡುತ್ತಿತ್ತು. ದೂರದ ರಸ್ತೆಯಲ್ಲಿ ಲಾರಿ ಹೋದರೆ ಸುಮ್ಮನೆ ಒಮ್ಮೆ ಹೊರಳಿ ಮತ್ತೆ ಜೋಲುತ್ತಿತ್ತು.

ಹೊತ್ತು ಇಳಿಯುವಾಗ ಎರಡೂ ಕಿವಿ ಒಟ್ಟಿಗೆ ನೆಟ್ಟಗಾದವು. ಹಳ್ಳದ ಪೊದೆಯ ಕಡೆಗೆ ತಿರುಗಿ ನಿಂತವು.

ಕ್ಯಾತಪ್ಪ ಕೋಲು ಹಿಡಿದು ಎದ್ದ. ಅವನ ಜೊತೆ ದೊರೆಯೂ ಮೂರು ಕಾಲಿನ ಮೇಲೆ ಏಳಲು ನೋಡಿತು. ಪೊದೆಯಿಂದ ಕಣ್ಣು ತೆಗೆಯದೆಯೇ ಅವನು ಬಗ್ಗಿ, ಅದರ ಬೆನ್ನ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಒತ್ತಿ ಕೂರಿಸಿದ.