ಮರದ ಮೇಲೆ ಬಹುವಚನವಿಲ್ಲ

ಅಲ್ಲಿಯವರೆಗೆ ಅತ್ತೆ ಅವನನ್ನು 'ಅಳಿಯಂದಿರು' ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ಅವನು ಮನೆಗೆ ಬಂದರೆ ಸೆರಗಿನಲ್ಲೇ ಕುರ್ಚಿ ಒರೆಸಿ ಕೂರಿಸುವರು, ಬೇಡ ಬೇಡವೆಂದರೂ ತಟ್ಟೆಗೆ ಇನ್ನೊಂದು ಸೌಟು ಸುರಿಯುವರು. ಅಂಥವರು ಆ ಬೆಳಿಗ್ಗೆ ಪ್ರಿಂಟಿಂಗ್ ಪ್ರೆಸ್ಸೊಂದರ ಹಿತ್ತಲಲ್ಲಿ ಅವನ ತಲೆಗೆ ಹೆಲ್ಮೆಟ್ಟು ಇಟ್ಟು, ಗದ್ದದ ಕೆಳಗೆ ಪಟ್ಟಿ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ನೋಡು, ಇದು ತಲೆ ಮೇಲಿರೋವರೆಗೂ ನೀನು ನನ್ನ ಅಳಿಯ ಅಲ್ಲ. ಮರದ ಮೇಲೆ ಬಹುವಚನ ಇಲ್ಲ. 'ದಯವಿಟ್ಟು ಎಡಗಾಲು ಇಡಿ' ಅಂತ ನಾನು ಹೇಳಿ ಮುಗಿಸೋದ್ರೊಳಗೆ ನೀನು ಕೆಳಗೆ ಬಂದಿರ್ತೀಯ."

ಅಳಿಯ ತಲೆಯಾಡಿಸಿದ. ಹೆಲ್ಮೆಟ್ಟು ಕಣ್ಣಿನವರೆಗೆ ಜಾರಿತು.

ಅತ್ತೆಯನ್ನು ಊರೆಲ್ಲ 'ಮರದಮ್ಮ' ಎಂದೇ ಕರೆಯುತ್ತಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಕೂದಲು ಅರ್ಧಕ್ಕಿಂತ ಹೆಚ್ಚು ನೆರೆತಿದ್ದರೂ ಕಾಂಪೌಂಡಿನ ಮೇಲೆ ಬಾಗಿದ ಮರ, ತಂತಿಗೆ ತಾಗುವ ಕೊಂಬೆ, ಗಾಳಿಗೆ ಸೀಳಿದ ಬೊಡ್ಡೆ ಎಂದರೆ ಜನ ಕರೆಯುತ್ತಿದ್ದದ್ದು ಆಕೆಯನ್ನೇ. ಕೆಲಸ ಕಲಿಸಿದ್ದು ಗಂಡ. ಮಂಡಿ ಕೈಕೊಟ್ಟ ಮೇಲೆ ಆತ ಮನೆಯಲ್ಲಿ ಕೂತು ಗರಗಸಗಳ ಹಲ್ಲು ಮಸೆಯುತ್ತ, ಯಾರೂ ಕೇಳದ ಸಲಹೆಗಳನ್ನು ಧಾರಾಳವಾಗಿ ಕೊಡುತ್ತ ಇದ್ದುಬಿಟ್ಟಿದ್ದ.

ಅಳಿಯನದು ಕೈಗಡಿಯಾರ ರಿಪೇರಿಯ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವ ತಿರುಪುಗಳನ್ನು ಚಿಮುಟದಲ್ಲಿ ಎತ್ತುತ್ತ ಅರ್ಧ ಆಯುಷ್ಯ ಸ್ಟೂಲಿನ ಮೇಲೆ ಸವೆಸಿದವನು. ಜನ ಮೊಬೈಲಿನಲ್ಲಿ ಹೊತ್ತು ನೋಡಲು ಕಲಿತರು, ಕಟ್ಟಡದವರು ಅಂಗಡಿಯಿದ್ದ ಕಟ್ಟಡವನ್ನೇ ಕೆಡವಿದರು. ಅದೇ ಸಮಯಕ್ಕೆ ಅತ್ತೆಯ ಜೊತೆ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದವನು ಸ್ವಂತ ಕಸುಬು ಹೂಡುತ್ತೇನೆಂದು ಹೊರಟುಹೋದ. ಹಗ್ಗ ಹಿಡಿಯುವ ಕೆಲಸ ಅಳಿಯನಿಗೆ ಬಂತು.

ಹೆಂಡತಿ ಇದಕ್ಕೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ. ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್ ಆಗಿದ್ದ ಆಕೆಯದು ಮಾತು ಕಡಿಮೆ, ಆದರೆ ಆಡಿದರೆ ಇಂಜೆಕ್ಷನ್ ಚುಚ್ಚಿದ ಹಾಗೆ. ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೋದ ದಿನವೆಲ್ಲ ಸಂಜೆ ಗೇಟಿನ ಮೇಲೆ ಗದ್ದ ಊರಿ ದಾರಿ ಕಾಯುತ್ತಿದ್ದಳಂತೆ. ಮೂಲೆ ತಿರುಗಿ ಅಮ್ಮನ ಹೆಲ್ಮೆಟ್ಟು ಕಂಡ ಮೇಲೇ ಒಳಗೆ ಹೋಗಿ ಊಟಕ್ಕೆ ಕೂರುವುದು. "ಒಂದು ಮನೆಗೆ ಮರ ಹತ್ತೋರು ಒಬ್ರು ಸಾಕು. ನಿಮ್ಮ ಕಾಲು ನೆಲದ ಮೇಲೇ ಇರಬೇಕು," ಎಂದಿದ್ದಳು. ಅವನೂ ಧಾರಾಳವಾಗಿ ಮಾತು ಕೊಟ್ಟಿದ್ದ. ಆಗ ಅವನಿಗೆ ಹತ್ತುವ ಆಸೆಯೇ ಇರಲಿಲ್ಲ.

ಆದರೆ ದಿನಾ ಕತ್ತೆತ್ತಿ ನೋಡುತ್ತ ನಿಲ್ಲುವವನಿಗೆ ಎಷ್ಟು ದಿನ ಆಸೆ ಹುಟ್ಟದೆ ಇದ್ದೀತು? ಒಂದು ದಿನ ಅಳುಕುತ್ತಲೇ ಅತ್ತೆಯನ್ನು ಕೇಳಿಬಿಟ್ಟ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಡುಗೆಮನೆಯ ಮೇಜಿನ ಕಾಲಿಗೆ ಹಗ್ಗ ಸುತ್ತಿ ಗಂಟು ಹಾಕುವುದನ್ನು ತೋರಿಸಿದರು. ಭಾರ ಬಿದ್ದರೆ ಕಚ್ಚಿ ಹಿಡಿಯುವ, ಕೈಯಲ್ಲಿ ಒತ್ತಿದರೆ ಜಾರುವ ಗಂಟು ಅದು. ಅವರ ಮನೆಯಲ್ಲಿ ಅದರ ಹೆಸರು ಹಲ್ಲಿಗಂಟು. ಕಣ್ಣು ಮುಚ್ಚಿ ಹಾಕಲು ಬರುವವರೆಗೆ ಹಾಕಿಸಿದರು. ಮಗಳಿಗೆ ಸಮಯ ನೋಡಿ ತಾವೇ ಹೇಳುವುದಾಗಿಯೂ, ಅಳಿಯಂದಿರು ಬಾಯಿ ಬಿಡಬಾರದೆಂದೂ ಅಪ್ಪಣೆಯಾಯಿತು. ಅವನಿಗೂ ಅಷ್ಟೇ ಬೇಕಾಗಿತ್ತು.

ಪ್ರೆಸ್ಸಿನ ಹಿತ್ತಲಿನದು ಮಹಾಗನಿ ಮರ, ಗಟ್ಟಿ ಕವಲುಗಳ ಆಸಾಮಿ. ಬೇರುಗಳು ಚರಂಡಿಯನ್ನು ಎತ್ತಿ, ಮಿಷಿನ್ ಕೋಣೆಯ ಗೋಡೆಯನ್ನು ಮೇಲಿಂದ ಕೆಳಗೆ ಬಿರುಕು ಬಿಡಿಸಿದ್ದವು. ಪ್ರೆಸ್ಸಿನ ಯಜಮಾನರು ತಾವೇ ನೆಟ್ಟ ಸಸಿಯಂತೆ. ಬೊಡ್ಡೆಯನ್ನೊಮ್ಮೆ ಸವರಿ, ತಮಗೆ ಇದನ್ನು ನೋಡಲಾಗುವುದಿಲ್ಲವೆಂದು ಒಳಗೆ ಹೋದರು. ಹೋದವರು ಹೆಚ್ಚು ಹೊತ್ತು ಒಳಗಿರಲಿಲ್ಲ. ಮರಳು ತುಂಬಿದ ಪುಟ್ಟ ಚೀಲವನ್ನು ದಾರಕ್ಕೆ ಕಟ್ಟಿ ಮೇಲಿನ ಕವಲಿನಾಚೆ ಎಸೆಯುವುದು ಮೊದಲ ಪಾಠ. ಅಳಿಯ ಎಸೆದದ್ದು ನೇರ ಪ್ರೆಸ್ಸಿನ ತಗಡಿನ ಸೂರಿನ ಮೇಲೆ ಬಿತ್ತು. ಯಜಮಾನರು ಮರವೇ ಬಿತ್ತೆಂದು ಕನ್ನಡಕ ಕೈಯಲ್ಲಿ ಹಿಡಿದು ಓಡಿಬಂದರು. ಇನ್ನೊಮ್ಮೆ ಎಸೆದಾಗ ಮತ್ತೆ ಅದೇ ಸೂರು. ಆಮೇಲೆ ಅವರು ಒಳಗೆ ಹೋಗುವ ಗೋಜು ಬಿಟ್ಟು, ಬಾಗಿಲಲ್ಲೇ ಸ್ಟೂಲು ಹಾಕಿ ಕೂತರು. ಕೊನೆಗೆ ಅತ್ತೆ ಚೀಲ ಕಸಿದುಕೊಂಡು, ಹಸುವಿನ ಬಾಲದ ಹಾಗೆ ಒಮ್ಮೆ ತೂಗಿ ಬಿಟ್ಟರು. ಅದು ಕವಲು ದಾಟಿ ಅವರ ಕಾಲಬುಡಕ್ಕೇ ಬಂದು ಬಿತ್ತು. ದಾರದ ಹಿಂದೆ ದಪ್ಪ ಹಗ್ಗ ಹತ್ತಿತು, ಹಗ್ಗಕ್ಕೆ ಹಲ್ಲಿಗಂಟು ಬಿತ್ತು, ಸೊಂಟಕ್ಕೂ ತೊಡೆಗೂ ಬೆಲ್ಟು ಬಿಗಿದ ಅಳಿಯ ಅದಕ್ಕೆ ಜೋತುಬಿದ್ದ.

"ಎದ್ದು ನಿಲ್ಲು, ಗಂಟು ತಳ್ಳು, ಕೂರು. ಇಷ್ಟೇ ವಿದ್ಯೆ," ಎಂದರು ಅತ್ತೆ.

ವಿದ್ಯೆ ಇಷ್ಟೇ ಇದ್ದರೂ ದೇಹ ಒಪ್ಪಬೇಕಲ್ಲ. ಕಾಲು ಊರಲು ಹಗ್ಗಕ್ಕೆ ಕಟ್ಟಿದ್ದ ಕುಣಿಕೆಯ ಮೇಲೆ ಎದ್ದು ನಿಂತರೆ ಹಗ್ಗ ಗಿರ್ರನೆ ತಿರುಗಿ ಅವನ ಬೆನ್ನನ್ನು ಮರಕ್ಕೂ ಮುಖವನ್ನು ಯಜಮಾನರಿಗೂ ಮಾಡುತ್ತಿತ್ತು. ಯಜಮಾನರು ಪ್ರತಿ ಸಲವೂ ಮರ್ಯಾದೆಗೆ ಒಂದು ನಗೆ ನಕ್ಕರು. ಅವನು ಕಂಬಳಿಹುಳುವಿನ ಹಾಗೆ ಮುದುಡಿ ಚಾಚಿ, ಚಾಚಿ ಮುದುಡಿ ಏರಿದ. ಮೊದಲ ಕೊಂಬೆ ಸಿಕ್ಕಾಗ ಆಸೆಯಿಂದ ತಬ್ಬಿಕೊಂಡ; ಅಲ್ಲಿ ಇರುವೆಗಳ ಸಂಸಾರವಿತ್ತು. ಅಂಗಿಯೊಳಗೆ ಹೊಕ್ಕವನ್ನು ಕೊಡವಲು ಕೈ ಬಿಡುವಂತಿಲ್ಲ, ಕೂಗಿದರೆ ಮಾನ ಹೋಗುತ್ತದೆ. ತಾಳ ತಪ್ಪಿದ ಕುಣಿತ ಕುಣಿಯುತ್ತಲೇ ಮುಂದಕ್ಕೆ ಹೋದ. ಕೆಳಗಿನಿಂದ ಅತ್ತೆ ಭೇಷ್ ಎಂದರು, ಹೆದರಿಕೆಯಲ್ಲಿ ಎಲ್ಲರೂ ನಿಧಾನವಾಗುತ್ತಾರೆ, ಇವನೊಬ್ಬ ಚುರುಕಾಗಿದ್ದಾನೆ ಎಂದರು. ಅವನು ಇರುವೆಗಳ ವಿಷಯ ಎತ್ತಲಿಲ್ಲ.

ಮೇಲಿನ ಕವಲಿಗೆ ಬಂದು ಕೂತಾಗ ಎದೆ ಡವಗುಟ್ಟುತ್ತಿತ್ತು. ಆದರೆ ಮೈಯಲ್ಲಿ ಯಾವುದೋ ಸ್ಪ್ರಿಂಗು ಬಿಚ್ಚಿಕೊಂಡಂತೆ ಹಗುರವೂ ಆಗಿತ್ತು. ಬೀದಿಯ ನೀರಿನ ಟ್ಯಾಂಕುಗಳು, ತಾರಸಿಯಲ್ಲಿ ಒಣಗುವ ಬಟ್ಟೆ, ಯಾರದೋ ಮನೆ ಶೀಟಿನ ಮೇಲೆ ಮಲಗಿದ ಬೆಕ್ಕು, ಎಲ್ಲವೂ ಅವನ ಕಣ್ಣಿನ ಕೆಳಗಿದ್ದವು. ಜೀವಮಾನವಿಡೀ ಅಂಗೈಯಗಲದ ಲೋಕ ನೋಡಿದವನಿಗೆ ಇದು ಹೊಸ ಸಂಗತಿ. ಬಾಯಿಬಿಟ್ಟು ಸುತ್ತ ನೋಡುತ್ತ ತಿರುಗಿದ. ಹಿತ್ತಲಿಗೆ ಬೆನ್ನು ಕೊಟ್ಟು ನಿಂತಿದ್ದ ಕಟ್ಟಡದ ಮಹಡಿಯ ಕಿಟಕಿ ಸರಿಯಾಗಿ ಅವನ ಎದುರಿಗಿತ್ತು. ಒಳಗೆ ಸಾಲಾಗಿ ಮಂಚಗಳು. ಕಿಟಕಿಯ ಪಕ್ಕದ ಮಂಚದಲ್ಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ಒಬ್ಬ ಅಜ್ಜಿ ಅವನನ್ನೇ ನೋಡುತ್ತಿತ್ತು. ಅದರ ಪಕ್ಕದಲ್ಲಿ, ಬಿಳಿ ಸಮವಸ್ತ್ರದಲ್ಲಿ, ಔಷಧಿಯ ತಟ್ಟೆ ಹಿಡಿದು ನಿಂತಿದ್ದವಳು ಅವನ ಹೆಂಡತಿ.

ನರ್ಸಿಂಗ್ ಹೋಮಿನ ಮುಂಬಾಗಿಲು ಆಚೆ ಬೀದಿಗಿತ್ತು. ಅವನು ಅದಕ್ಕೊಂದು ಹಿಂಭಾಗ ಇರಬಹುದೆಂದು ಯಾವತ್ತೂ ಯೋಚಿಸಿದವನಲ್ಲ.

ಆಕೆ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟು, ಕಿಟಕಿ ತೆರೆದಳು.

"ಏನ್ರೀ ಇದು?"

ಅವನ ಬಾಯಿಗೆ ಬಂದದ್ದು ಒಂದೇ ಮಾತು. "ಮರ."

ಅಜ್ಜಿ ಕತ್ತು ಚಾಚಿತು. "ಗುರುತಿನವ್ರಾ ಸಿಸ್ಟರ್?"

"ನಮ್ಮನೆಯವ್ರು," ಎಂದಳು ಆಕೆ, ಕಣ್ಣು ಕದಲಿಸದೆ.

ಅಳಿಯ ಕೆಳಗೆ ನೋಡಿದ. ಅಷ್ಟು ಹೊತ್ತೂ ಬಾಯಿಗೆ ಬಿಡುವಿಲ್ಲದೆ ಕೂಗುತ್ತಿದ್ದ ಅತ್ತೆ ಈಗ ಕಾಣಲಿಲ್ಲ. ಬೊಡ್ಡೆಯ ಮರೆಯಿಂದ ಹೆಲ್ಮೆಟ್ಟಿನ ಅಂಚೊಂದು ಇಣುಕುತ್ತಿತ್ತು. ಅದನ್ನು ಹೆಂಡತಿಯೂ ನೋಡಿದಳು.

"ಅಮ್ಮ, ಈಚೆ ಬಾ. ಬಚ್ಚಿಟ್ಟುಕೊಳ್ಳೋಕೆ ಆ ಬೊಡ್ಡೆ ನಿನಗೆ ಸಾಲದು."

ಏನಾದರೂ ಕೆಲಸದಲ್ಲಿ ತೊಡಗಿದರೆ ಬೈಗುಳ ಕಡಿಮೆಯಾದೀತೆಂದು ಅಳಿಯ ಸೊಂಟದಿಂದ ಗರಗಸ ಎಳೆದು ಪಕ್ಕದ ಕೊಂಬೆಗೆ ಇಟ್ಟ. ಹೆಂಡತಿಯ ದನಿ ತಕ್ಷಣ ಬದಲಾಯಿತು.

"ಕೈ ತೆಗೀರಿ. ಎರಡನೇ ಪಟ್ಟಿ ಎಲ್ಲಿ?"

ಅವನು ಕೈ ಹಿಂದಕ್ಕೆಳೆದುಕೊಂಡ. ಗರಗಸ ಹಿಡಿಯುವ ಮೊದಲು ಬೊಡ್ಡೆಯ ಸುತ್ತ ಇನ್ನೊಂದು ಪಟ್ಟಿ ಹಾಯಿಸಿ ಬೆಲ್ಟಿನ ಕೊಕ್ಕೆಗೆ ಸಿಕ್ಕಿಸಲೇಬೇಕು. ಗರಗಸ ಜಾರಿ ಹಗ್ಗಕ್ಕೆ ತಗುಲಿದರೂ ಮನುಷ್ಯ ಉಳಿಯುವುದು ಅದರಿಂದಲೇ. ಅಡುಗೆಮನೆಯಲ್ಲಿ ಅತ್ತೆ ಹೇಳಿ ಹೇಳಿ ಕಿವಿ ತೂತು ಮಾಡಿದ್ದರು. ಹೆಂಡತಿಯನ್ನು ಕಂಡ ಗಾಬರಿಯಲ್ಲಿ ಅದು ಅವನ ತಲೆಯಿಂದ ಹಾರಿಯೇ ಹೋಗಿತ್ತು. ಗರಗಸವನ್ನು ಸೊಂಟಕ್ಕೆ ಮರಳಿಸಿ, ಪಟ್ಟಿ ಸುತ್ತಿ ಸಿಕ್ಕಿಸಿದ.

"ಎಳೆದು ನೋಡಿ. ಅರ್ಧಂಬರ್ಧ ಅಲ್ಲ, ಪೂರ್ತಿ ಭಾರ ಬಿಡಿ. ಕೊಕ್ಕೆಯ ಬಾಯಿ ಮುಚ್ಚಿದೆಯಾ?"

ಮುಚ್ಚಿತ್ತು. ಅವನು ಬೆರಗಾಗಿ ಆಕೆಯನ್ನು ನೋಡಿದ. ಈ ವಿದ್ಯೆ ಅವಳಿಗೆ ಎಲ್ಲಿಂದ ಬಂತು? ಗೇಟಿನಲ್ಲಿ ಕಾಯುವ ವಯಸ್ಸು ದಾಟಿದ ಮೇಲೆ, ರಜೆಯಲ್ಲೆಲ್ಲ ಅಮ್ಮನ ಹಿಂದೆ ಹೋಗಿ ಮರದ ಕೆಳಗೆ ನಿಂತು 'ಪಟ್ಟಿ ಹಾಕಿದ್ಯಾ, ಪಟ್ಟಿ ಹಾಕಿದ್ಯಾ' ಎಂದು ಕೂಗುತ್ತಿದ್ದಳಂತೆ. ಬೇರೆ ಮಕ್ಕಳು ಮಗ್ಗಿ ಒಪ್ಪಿಸುವ ವಯಸ್ಸಿನಲ್ಲಿ ಅವಳು ಗಂಟು ಒಪ್ಪಿಸುತ್ತಿದ್ದಳೆಂದು ಕೆಳಗಿನಿಂದ ಅತ್ತೆ ಸಣ್ಣ ದನಿಯಲ್ಲಿ ವಿವರಿಸಿದರು. ಹೇಳುವಾಗ ಹೆಮ್ಮೆ ತಡೆಯಲಾಗದೆ ಪೂರ್ತಿ ಈಚೆ ಬಂದುಬಿಟ್ಟಿದ್ದರು.

ಸೊಂಟಕ್ಕೆ ಕಟ್ಟಿ ತಂದಿದ್ದ ಇಳಿಸುವ ಹಗ್ಗವನ್ನು ಮೇಲಿನ ಕವಲಿನಿಂದ ಹಾಯಿಸಿ ಅವನು ಕೊಂಬೆಗೆ ಬಿಗಿದ. ಅದರ ಇನ್ನೊಂದು ತುದಿಯನ್ನು ಬುಡಕ್ಕೆ ಸುತ್ತಿ ಅತ್ತೆ ಗಟ್ಟಿಯಾಗಿ ಹಿಡಿದರು. ಮೊದಲು ಅಡಿಯಿಂದ ಸ್ವಲ್ಪ ಕೊಯ್ಯಬೇಕು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಬರುತ್ತದೆ. ಕೆಳಗಿನಿಂದ ತಾಯಿ, ಎದುರಿನಿಂದ ಮಗಳು, ಇಬ್ಬರೂ ಒಟ್ಟಿಗೆ ಪಾಠ ಹೇಳಿದರು. ಅತ್ತೆ ಏಕವಚನದಲ್ಲಿ, ಹೆಂಡತಿ ಬಹುವಚನದಲ್ಲಿ. ಗರಗಸ ಕೊಯ್ಯುತ್ತ ಹೋದ ಹಾಗೆ ಗಡಿಯಾರದ ಕೆಲಸದ ಹಳೆಯ ಹಿಡಿತ ಅವನ ಕೈಗೆ ಬಂತು: ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಎಲ್ಲಿ ನಿಲ್ಲಿಸಿ ಕಿವಿಗೊಡಬೇಕು. ಸಣ್ಣಗೆ ಚಟ್ ಎಂದಿತು. ಅವನು ಕೈ ತೆಗೆದ. ಕೊಂಬೆ ವಾಲಿತು, ತೂಗಿತು, ಹಸಿರೆಲೆಗಳ ತುದಿಯಿಂದ ನರ್ಸಿಂಗ್ ಹೋಮಿನ ಕಿಟಕಿಯನ್ನೊಮ್ಮೆ ಗುಡಿಸಿತು. ಆಮೇಲೆ ಅತ್ತೆ ಹಗ್ಗ ಬಿಟ್ಟಷ್ಟಷ್ಟೇ ಇಳಿಯುತ್ತ ಯಜಮಾನರ ಸ್ಟೂಲಿನ ಮುಂದೆ ಮಲಗಿತು. ಅಜ್ಜಿ ಚಪ್ಪಾಳೆಗೆ ಎರಡನೇ ಕೈ ಇಲ್ಲದೆ ಮಂಚ ತಟ್ಟಿತು.

ಒಳಗಿನಿಂದ ಡಾಕ್ಟರು ಕರೆದರು. ಹೆಂಡತಿ ಹೊರಡುವ ಮುನ್ನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಏನೆಂಬುದು ಅವನಿಗೆ ಮುಂದಿನ ಕೊಂಬೆಗೆ ಗರಗಸ ಇಡುವಾಗಲೇ ತಿಳಿಯಿತು.

"ಏ ಮರದಪ್ಪ," ಎಂದು ಅಜ್ಜಿ ಕಿಟಕಿಯಿಂದ ಗದರಿತು, "ಪಟ್ಟಿ ಹಾಕಿದ್ಯೇನಪ್ಪಾ?"

ಮಧ್ಯಾಹ್ನದವರೆಗೂ ಅಜ್ಜಿ ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ತಂದಿಟ್ಟ ಮಾತ್ರೆಯನ್ನೂ ಮರದ ಕಡೆ ನೋಡುತ್ತಲೇ ನುಂಗಿತಂತೆ.

ಊಟದ ಬಿಡುವಿನಲ್ಲಿ ಹೆಂಡತಿ ಎರಡು ಬೀದಿ ಸುತ್ತಿ ಪ್ರೆಸ್ಸಿನ ಹಿತ್ತಲಿಗೆ ಬಂದಳು. ಅಷ್ಟರಲ್ಲಿ ಅವನು ಕೆಳಗಿಳಿದಿದ್ದ. ನೆಲ ಸಿಕ್ಕಿದ ಮೇಲೆಯೇ ಅವನ ಕಾಲುಗಳಿಗೆ ನಡುಗುವ ನೆನಪಾಗಿತ್ತು. ಬೊಡ್ಡೆಗೆ ಒರಗಿ ನಿಂತಿದ್ದ. ಬೈಗುಳ ತನಗೆ ಬರುತ್ತದೆಂದು ತಲೆ ತಗ್ಗಿಸಿದ. ಆಕೆ ಅವನನ್ನು ದಾಟಿ ನೇರ ತಾಯಿಯ ಮುಂದೆ ನಿಂತಳು. ನರ್ಸಿಂಗ್ ಹೋಮಿನ ಹಿಂದಿನ ಕಿಟಕಿ ಇಲ್ಲಿಗೇ ತೆರೆಯುವುದು ಅಮ್ಮನಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದಳು.

ಅತ್ತೆ ಹೆಲ್ಮೆಟ್ಟು ತೆಗೆದು ಅದರೊಳಗೆ ನೋಡುತ್ತ ನಿಂತರು.

"ಗೊತ್ತಿತ್ತು," ಎಂದರು ಕೊನೆಗೆ. "ಅದಕ್ಕೇ ಈ ಮರ ಆರಿಸ್ಕೊಂಡಿದ್ದು. ನಿನ್ನ ಎದುರಿಗೆ ನಿಂತು ಹೇಳೋಕೆ ನನಗೆ ಧೈರ್ಯ ಬರಲಿಲ್ಲ ಕಣೇ. ನೀನೇ ನೋಡಿದ್ರೆ ನಾನು ಹೇಳೋದು ತಪ್ಪುತ್ತೆ ಅಂದ್ಕೊಂಡೆ."

ಎಂಥೆಂಥ ಮರಗಳನ್ನು ಕೆಡವಿದ ಹೆಂಗಸು ಮಗಳಿಗೆ ಹೆದರಿ ಇಷ್ಟು ದೊಡ್ಡ ಸಂಚು ಹೂಡಿದ್ದು ಕಂಡು ಅಳಿಯನಿಗೆ ನಗು ಉಕ್ಕಿತು. ನಕ್ಕರೆ ಉಳಿಗಾಲವಿಲ್ಲವೆಂದು ಕೆಮ್ಮಿದ. ಹೆಂಡತಿ ಅವನ ಕಡೆ ತಿರುಗಿದಳು. ಬೆಲ್ಟಿನ ತೊಡೆಯ ಪಟ್ಟಿ ಎಳೆದು ನೋಡಿ, ಸಡಿಲವಾಗಿದೆಯೆಂದು ಬಿಗಿದಳು.

"ಮಾತು ಕೊಟ್ಟಿದ್ರಿ," ಎಂದಳು.

"ಕೊಟ್ಟಿದ್ದೆ."

"ಹತ್ತಬೇಡಿ ಅಂದ್ರೆ ಕದ್ದು ಹತ್ತೀರಿ. ಕದ್ದು ಹತ್ತೋರೇ ಬೀಳೋದು." ಇನ್ನೊಂದು ಪಟ್ಟಿ ಬಿಗಿದಳು. "ಹೇಳಿ ಹತ್ತಿ. ಯಾವ ಮರ, ಯಾವ ಬೀದಿ ಅಂತ ಬೆಳಿಗ್ಗೆನೇ ಹೇಳಿ ಹೋಗಿ. ಇಳಿದ ತಕ್ಷಣ ಫೋನ್ ಮಾಡಿ. ನನಗೆ ಅಷ್ಟು ಸಾಕು."

ಅವನು ಹೂಂಗುಟ್ಟಿದ. ಅತ್ತೆ ಸಡಗರದಿಂದ ಬುತ್ತಿ ಬಿಚ್ಚಿ, ಅಳಿಯಂದಿರು ಮೊದಲು ಕೂರಬೇಕು, ಬೆಳಗಿನಿಂದ ದಣಿದಿದ್ದಾರೆ ಎಂದರು. ಬುಡದಲ್ಲಿ ಬಿದ್ದ ಕೊಂಬೆಗಳ ಮೇಲೇ ಮೂವರೂ ಕೂತು ಉಂಡರು. ಯಜಮಾನರು ಒಳಗಿನಿಂದ ನೀರು ತಂದುಕೊಟ್ಟು, ಬೊಡ್ಡೆಯಲ್ಲಿ ಒಂದು ಹಲಗೆಯಷ್ಟನ್ನು ತಮಗೆ ಉಳಿಸಬೇಕೆಂದು ಕೇಳಿಕೊಂಡರು.

ಆ ಸಂಜೆ ಮನೆಗೆ ಹೋದಾಗ ಅವನ ತೋಳುಗಳು ಭುಜಕ್ಕಿಂತ ಮೇಲೆ ಏಳಲು ಒಪ್ಪಲಿಲ್ಲ. ಅಂಗಿ ತೆಗೆಯಲಾಗದೆ ಕನ್ನಡಿಯ ಮುಂದೆ ಹೆಣಗುತ್ತಿದ್ದವನನ್ನು ನೋಡಿ ಹೆಂಡತಿ ಬಂದು, ಮಗುವಿಗೆ ತೆಗೆಯುವ ಹಾಗೆ ತಲೆಯ ಮೇಲಿಂದ ಎಳೆದು ತೆಗೆದಳು. ಬೆನ್ನ ತುಂಬ, ಹೊಟ್ಟೆಯ ತುಂಬ ಕೆಂಪು ಗುಳ್ಳೆ. ಆಕೆ ಇದೇನೆಂದು ಗಾಬರಿಯಾದಳು. ಅವನು ಇರುವೆಗಳ ಕತೆಯನ್ನೂ, ಅತ್ತೆ ಕೊಟ್ಟ ಭೇಷನ್ನೂ ಹೇಳಿದ. ಮುಲಾಮು ಹಿಡಿದಿದ್ದವಳು ಮಂಚದ ಮೇಲೆ ಕುಸಿದು ನಗತೊಡಗಿದಳು. ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಅವನು ಬೆನ್ನು ಕೊಟ್ಟು ಸುಮ್ಮನೆ ಕಾದು ನಿಂತ, ತನಗೂ ನಗು ಬರುವವರೆಗೆ.