ಶ್ರೀನಗರದ ಬೀಜ

ಎಪ್ಪತ್ತೆಂಟರ ದೀಪಾವಳಿ ಕಳೆದಿತ್ತು. ಕಡರನಾಯಕನಹಳ್ಳಿಯ ಹೊಲಗಳಲ್ಲಿ ಈರುಳ್ಳಿ ಕಿತ್ತು ರಾಶಿ ಹಾಕಿ, ಹೆಂಗಸರು ಬದುವಿನ ಮೇಲೆ ಕೂತು ಸೊಪ್ಪು ಕತ್ತರಿಸುತ್ತಿದ್ದರು. ವಾಮದೇವಪ್ಪನ ಹೊಲದಲ್ಲಿ ಇದ್ದದ್ದು ಸೊಪ್ಪು ಮಾತ್ರ. ಮೊಣಕಾಲುದ್ದ ಬೆಳೆದಿತ್ತು, ಬುಡದಲ್ಲಿ ಗಡ್ಡೆ ಇರಲಿಲ್ಲ.

ಮಿಲಿಟರಿಯಲ್ಲಿದ್ದ ಅಳಿಯ ಶ್ರೀನಗರದಿಂದ ಡಬ್ಬಿಯಲ್ಲಿ ತಂದುಕೊಟ್ಟ ಬೀಜ ಅದು. ಅಲ್ಲಿ ತೆಂಗಿನಕಾಯಿ ಗಾತ್ರಕ್ಕೆ ಬರುತ್ತದೆಂದು ವಾಮದೇವಪ್ಪ ಹರಿಹರದ ಹೋಟೆಲುಗಳಲ್ಲೆಲ್ಲ ಸಾರಿದ್ದ. ಅಲ್ಲಿನ ಬೇಸಿಗೆಯ ಉದ್ದ ಹಗಲು ಕಂಡರೇ ಆ ತಳಿ ಗಡ್ಡೆ ಕಟ್ಟುವುದು. ನಮ್ಮ ಹಗಲು ಅದಕ್ಕೆ ಸಾಲದು. ಹೊರಗಿನ ಬೀಜ ಬಂದರೆ ಮೊದಲು ಒಂದು ಸಾಲು ನೆಟ್ಟು ನೋಡುತ್ತಾರೆ. ವಾಮದೇವಪ್ಪ ಹೊಲವಿಡೀ ನೆಟ್ಟ. ನೋಡುವ ಅಭ್ಯಾಸ ಅವನಿಗಿರಲಿಲ್ಲ, ತೋರಿಸುವ ಅಭ್ಯಾಸವಿತ್ತು.

ಹೋದ ವರ್ಷ, ಬೇಸಿಗೆಗೆ ಬೀಜ ಪಡೆಯಲೆಂದು ಊರುವ ಅವನ ಗಡ್ಡೆಗಳು ಕೊಳೆತಾಗ ಪಕ್ಕದ ಹೊಲದ ಖತೀಜಾಬೀ ಒಂದು ಬುಟ್ಟಿ ಗಡ್ಡೆ ಕಡ ಕೊಟ್ಟಿದ್ದಳು. ಅವಳ ಅತ್ತೆಯ ಕಾಲದಿಂದ ಆಯ್ದು ಉಳಿಸಿಕೊಂಡ ಕೆಂಪು ತಳಿ. ಯುಗಾದಿ ದಾಟಿದರೂ ಕೆಡುತ್ತಿರಲಿಲ್ಲ. ಊರ ರೂಢಿಯಂತೆ ಕಡದ ಬುಟ್ಟಿ ಪಡೆದವರ ಮನೆಯಲ್ಲೇ ಇದ್ದು, ಮುಂದಿನ ಬೆಳೆಯಲ್ಲಿ ಅದೇ ತಳಿ ತುಂಬಿಕೊಂಡೇ ಹಿಂದಿರುಗಬೇಕು. ಈ ಸಲ ಖತೀಜಾಬೀಯ ತಗ್ಗಿನ ಹೊಲ ಮಳೆನೀರು ನಿಂತು ಪೂರ್ತಿ ಕೊಳೆತಿತ್ತು. ತಳಿ ಉಳಿಯಬೇಕಾದರೆ ಆ ಬುಟ್ಟಿಯೊಂದೇ ದಾರಿ.

"ಗೌಡ್ರೆ, ಬೀಜದ ಗಡ್ಡೆ ಊರೋ ಹೊತ್ತಾತು. ನನ್ನ ಬುಟ್ಟಿ ಎಲ್ಲೈತೆ?"

"ಬಾರವ್ವ, ತಯಾರೈತೆ." ಹೊಲಕ್ಕೆ ತಾಗಿದ್ದ ಅವನ ಮನೆಯ ಜಗಲಿಯ ಮೇಲೆ ಬುಟ್ಟಿ ತುಂಬಿತ್ತು. ದಪ್ಪ ದಪ್ಪ ಗಡ್ಡೆಗಳು, ಪೇಲವ ಬಣ್ಣ.

ಅವಳು ಒಂದನ್ನೆತ್ತಿ ಮೂಸಿದಳು. "ಇದ್ಯಾವ ಹೊಲದ್ದು?"

"ದಾವಣಗೆರೆ ಮಂಡೀದು. ನಿನ್ನ ಗೋಲಿಯಂಥ ಗಡ್ಡೆಗಿಂತ ಎರಡು ಪಟ್ಟು ಐತೆ. ಲಾಭ ನಿಂದೇ."

"ನಾ ಕೊಟ್ಟಿದ್ದಕ್ಕ ಬ್ಯಾಸಗೀಲಿ ಬೀಜ ಬಂದಿತ್ತಲ್ರಿ?"

"ಅದಾ? ಶ್ರೀನಗರದ್ದು ಬಂತಲ್ಲ, ತಿಪ್ಪೆಗೆ ಸುರಿಸಿದೆ."

ಖತೀಜಾಬೀ ಕೈಲಿದ್ದ ಗಡ್ಡೆಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಅವನ ಹೊಲದ ಕಡೆ ಕೈ ತೋರಿಸಿದಳು.

"ಸೊಪ್ಪು ಭಾಳ ಚಲೋ ಬಂದೈತೆ, ಗೌಡ್ರೆ. ಅಳಿಯಂದ್ರು ರಜಕ್ಕೆ ಬಂದಾಗ ಪಲ್ಯ ಮಾಡಿ ಹಾಕ್ರಿ. ಮೂರು ಹೊತ್ತೂ ಹಾಕ್ರಿ."

ಬದುವಿನ ಮೇಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ಗಡ್ಡೆಗೆ ಗಡ್ಡೆ ಕೊಟ್ಟೀನಲ್ಲ! ತಗೊಂಡೋಗು, ಚುಕ್ತಾ ಆತು!"

ಅವಳು ಬುಟ್ಟಿಯನ್ನು ಬಗ್ಗಿಸಿ ಮಂಡಿಯ ಗಡ್ಡೆಗಳನ್ನೆಲ್ಲ ಅವನ ಕಾಲ ಬಳಿ ಸುರಿದಳು. ಬರಿ ಬುಟ್ಟಿಯನ್ನು ಬಾಗಿಲ ಪಕ್ಕ ಎಲ್ಲರಿಗೂ ಕಾಣುವಂತಿಟ್ಟಳು.

"ಇದು ಇಲ್ಲೇ ಇರ್ಲಿ. ಯಾರದು ಅಂತ ಬಂದೋರು ಕೇಳ್ತಾರೆ, ಹೇಳ್ರಿ."

ಅವಳ ತಳಿ ಆ ವರ್ಷಕ್ಕೇ ಮುಗಿಯಿತು. ಬುಟ್ಟಿಯನ್ನು ಒಳಗಿಡಲೂ ಬರಿದೇ ಹಿಂದಕ್ಕೆ ಕಳಿಸಲೂ ವಾಮದೇವಪ್ಪನಿಗೆ ಆಗಲಿಲ್ಲ. ಮುಂದಿನ ಬಿತ್ತನೆಗೆ ಅವನು ಬೀಜ ಕೇಳಲು ಹೋದ ಮನೆಗಳವರೆಲ್ಲ ಮೊದಲು ಆ ಬುಟ್ಟಿಯನ್ನೇ ವಿಚಾರಿಸಿದರು.