ಮೊಮೋವಾ ಹಕ್ಕಿಯ ಮರಳು

ನಮ್ಮ ದ್ವೀಪದ ಮೊಮೋವಾ ಹಕ್ಕಿ ಮೊಟ್ಟೆಗೆ ಕಾವು ಕೊಡುವುದಿಲ್ಲ. ಬಿಸಿಲಿಗೆ ಕಾದ ಮರಳಿನಲ್ಲಿ ತೋಳುದ್ದ ಗುಂಡಿ ತೋಡಿ, ಮೊಟ್ಟೆಯಿಟ್ಟು ಮುಚ್ಚಿ, ಕಾಡಿಗೆ ಹೊರಟುಹೋಗುತ್ತದೆ. ಅದಕ್ಕೆ ಒಗ್ಗುವ ಮರಳು ಇರುವುದು ಒಂದೇ ದಂಡೆಯಲ್ಲಿ. ಇಪ್ಪತ್ತೆರಡು ವರ್ಷದಿಂದ ಅದನ್ನು ಕಾಯುತ್ತಿದ್ದವಳು ರುಕಾಯಾ. ಊರಿಗೆಲ್ಲ ಅವಳು ತಾಂತೆ, ಚಿಕ್ಕಮ್ಮ.

ಕಳೆದ ಹಂಗಾಮಿನಲ್ಲಿ ಆಕೆ ಕಣ್ಣು ತೋರಿಸಲು ಆಂಬೋನ್ ಪಟ್ಟಣಕ್ಕೆ ಹೋಗಿದ್ದಾಗ ಕಟ್ಟಡದ ಗುತ್ತಿಗೆದಾರನ ಕಡೆಯವರು ಬಂದು ದಂಡೆಗೆ ಆಕೆ ಹಾಕಿದ್ದ ಬೇಲಿ ಕಿತ್ತರು. ಮರಳು ಸಾಗಿಸಲು ನನ್ನ ದೋಣಿ ಗೊತ್ತುಮಾಡಿದರು. ಊರ ಮುಖ್ಯಸ್ಥರಾದ ಬಾಪಾ ರಾಜಾ ರುಜು ಹಾಕಿದ್ದಾರೆ ಅಂದರು. ನಾನು ಬಾಯಿ ಮುಚ್ಚಿಕೊಂಡು ಬುಟ್ಟಿ ಹೊತ್ತೆ.

ಮೂರನೆಯ ಬೆಳಿಗ್ಗೆ ತಾಂತೆ ಬಂದರಿನಿಂದ ನೇರ ದಂಡೆಗೇ ಬಂದಳು, ಕೈಯಲ್ಲಿ ಚೀಲ ಹಾಗೇ ಇತ್ತು.

"ಇದ್ರುಸ್, ಏನೋ ಇದು?"

ನಾನು ಬುಟ್ಟಿಗೆ ಮರಳು ತುಂಬುತ್ತಲೇ ಇದ್ದೆ. ಮೇಸ್ತ್ರಿ ನಗುತ್ತ ಹೇಳಿದ, "ನಿಮ್ಮ ಹಕ್ಕಿಗೇ ತಾಂತೆ! ಮೊಮೋವಾ ಸಂರಕ್ಷಣಾ ಕೇಂದ್ರ ಕಟ್ತಿದೀವಿ. ಗಾಜಿನ ಕಿಟಕಿ, ಫ್ಯಾನು, ದೊಡ್ಡ ದೊಡ್ಡ ಫೋಟೋ."

"ಹಕ್ಕಿ ಬಂದು ತನ್ನ ಫೋಟೋ ತಾನೇ ನೋಡ್ಕೊಂಡು ಹೋಗುತ್ತಾ?"

"ರೆಕ್ಕೆ ಇದೆಯಲ್ಲ, ಬೇರೆ ಕಡೆ ಮೊಟ್ಟೆ ಇಡ್ಲಿ ಬಿಡಿ."

"ನೋವು ಬಂದಾಗ ನಿನ್ನ ಹೆಂಡ್ತಿಗೂ ಹಿಂಗೇ ಅಂದ್ಯಾ? ಕಾಲಿದೆಯಲ್ಲ, ಪಕ್ಕದ ಮನೇಲಿ ಹೆತ್ಕೊಂಡು ಬಾ ಅಂತ?"

ಅಗೆಯುವವರು ಗೊಳ್ಳೆಂದು ನಕ್ಕರು. ತಾಂತೆ ನಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆದು ನನ್ನ ದೋಣಿ ಹತ್ತಿ, ಮರಳಿನ ರಾಶಿಗೆ ಕೈ ಹಾಕಿದಳು. ಒಡೆದ ಚಿಪ್ಪು ಬಂತು, ಹಳದಿ ಮೆತ್ತಿದ ಮರಳು ಬಂತು. ಆಮೇಲೆ ಒಂದು ಮರಿ. ಪುಕ್ಕವೆಲ್ಲ ಬಲಿತಿತ್ತು, ಕುತ್ತಿಗೆ ಮುರಿದಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು.

"ಇದನ್ನ ಎಲ್ಲಿಗೆ ಸಾಗಿಸ್ತೀಯ, ಹೇಳು."

ನಾನು ಬುಟ್ಟಿ ಬಿಸಾಡಿದೆ. ನನ್ನ ಹಿಂದೆ ಉಳಿದವರೂ ಸಲಿಕೆ ಬಿಸಾಡಿದರು. ಸುದ್ದಿ ತಿಳಿದು ಬಾಪಾ ರಾಜಾ ಓಡಿ ಬಂದರು.

"ಕಾಗದದಲ್ಲಿ ಬರೀ ಮರಳು ಅಂತಿತ್ತು. ಹೊಳೆಬಾಯಿದು ಅಂದ್ಕೊಂಡೆ."

"ಓದದೇ ರುಜು ಹಾಕೋಕೆ ರಾಜಾ ಯಾಕೆ ಬೇಕು, ಬಾಪಾ? ಮೊಹರು ಸಾಲ್ದಾ?"

ಅಗೆತ ನಿಂತಿತು. ಆ ದೋಣಿಯ ಮರಳನ್ನು ಸಂಜೆಯವರೆಗೆ ಬುಟ್ಟಿಯಲ್ಲಿ ಹೊತ್ತು ಮತ್ತೆ ದಂಡೆಗೆ ಸುರಿದೆವು. ಅದಕ್ಕೂ ಮೊದಲು ಹೋದ ಏಳು ದೋಣಿಯ ಮರಳು ಗೋಡೆಯಾಗಿದೆ. ಕೇಂದ್ರದ ಉದ್ಘಾಟನೆಯಾಯಿತು, ಭಾಷಣದಲ್ಲಿ ನಮ್ಮ ಸಹಕಾರಕ್ಕೆ ವಂದನೆಯೂ ಸಂದಿತು. ತಾಂತೆಯನ್ನು ವೇದಿಕೆಗೆ ಕರೆಯಲು ಬಾಪಾ ರಾಜಾ ಹೊಸ ಬಟ್ಟೆ ತಂದಿದ್ದರು.

"ಆ ಗೋಡೆಗೆ ಹೊದಿಸಿ," ಎಂದು ಅವರ ಕೈಗೇ ವಾಪಸು ಕೊಟ್ಟಳು.

ಈ ವರ್ಷ ಹಕ್ಕಿಗಳು ಬಂದವು. ನಾವು ಸುರಿದ ಮರಳನ್ನು ಕೆದಕಿ ನೋಡಿ, ಮೊಟ್ಟೆಯಿಡದೆ ಎದ್ದುಹೋದವು. ಅಗೆಯದೆ ಉಳಿದ ದಕ್ಷಿಣದ ಮೂಲೆಯಲ್ಲಿ ಮಾತ್ರ ಒಂದಷ್ಟು ಗುಂಡಿಗಳಿವೆ. ತಾಂತೆ ಅಲ್ಲೇ ಕೂತಿರುತ್ತಾಳೆ. ನಾನು ಹೋಗಿ ಪಕ್ಕದಲ್ಲಿ ಕೂತರೆ ಎದ್ದು ಹೋಗು ಅನ್ನುವುದಿಲ್ಲ, ಮಾತೂ ಆಡುವುದಿಲ್ಲ.